ಸರ್ ಡೇವಿಡ್ ಸೆಂಪಲ್

ಹುಚ್ಚುನಾಯಿಯ ಕಡಿತವೆಂದರೆ ನಮ್ಮ ಹಿರಿಯರ ಎದೆ ನಡುಗುತ್ತಿದ್ದಿತು. ಕಡಿದ ಪ್ರಾಣಿಯ ಜೊಲ್ಲಿನಲ್ಲಿರುವ ವಿಷಾಣುವು ನರಗಳ ಮೂಲಕ ಮೆಲ್ಲಮೆಲ್ಲನೆ ಮೆದುಳಿನತ್ತ ಸಾಗುವುದು. ರೋಗಲಕ್ಷಣಗಳು ತೋರಿದ ಮೇಲೆ ಬದುಕುಳಿಯುವವರು ಅತಿ ವಿರಳ. ಆದುದರಿಂದ ಅದಕ್ಕೆ ಮೊದಲೇ ಔಷಧವು ರೋಗಿಯನ್ನು ಮುಟ್ಟಬೇಕು. ಈ ಕಾರ್ಯದಲ್ಲಿ ಭಾರತದ ಬಡಜನರಿಗೆ ಮಹದುಪಕಾರ ಮಾಡಿದವರು ಸರ್ ಡೇವಿಡ್ ಸೆಂಪಲ್.

ಸೆಂಪಲರು 1856ರಲ್ಲಿ ಐರ್ಲೆಂಡಿನಲ್ಲಿ ಜನಿಸಿದರು. ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ ಬ್ರಿಟಿಷ್ ಸೇನೆಯ ವೈದ್ಯರಾದರು. ಇಂಗ್ಲೆಂಡಿನ ನೆಟ್ಲಿಯಲ್ಲಿ ಆಲ್ಮ್ರಾತ್ ರೈಟರೊಡನೆ ದುಡಿದು, ವಿಷಮಶೀತಜ್ವರದ ಲಸಿಕೆಯನ್ನು ಕುರಿತು 1897ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

1885ರಲ್ಲಿ ಪ್ಯಾರಿಸ್ಸಿನ ಲೂಯಿ ಪಾಶ್ಚರರು ಮೊಲದ ಬೆನ್ನುಹುರಿಯನ್ನು ಒಣಗಿಸಿ ಹುಚ್ಚುನಾಯಿ ರೋಗದ ಲಸಿಕೆಯನ್ನು ಸಿದ್ಧಗೊಳಿಸಿದ್ದರು. ಭಾರತದಲ್ಲಿ ಈ ಚಿಕಿತ್ಸೆಗಾಗಿ 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆಯೊಂದು ತೆರೆಯಲ್ಪಟ್ಟಿತು. ಸೆಂಪಲರೇ ಅದರ ಪ್ರಥಮ ನಿರ್ದೇಶಕರು. ಆದರೆ ಆ ಲಸಿಕೆಯನ್ನು ಆಗಿಂದಾಗ್ಗೆ ಹೊಸದಾಗಿ ತಯಾರಿಸಬೇಕಾಗಿದ್ದಿತು. ಆದಕಾರಣ ರೋಗಿಯೇ ಸಂಸ್ಥೆಯನ್ನರಸಿ ಹೋಗಬೇಕಿತ್ತು. ನಮ್ಮ ಬಾರಾಮತಿಯ ಬಡ ರೈತನೊಬ್ಬನ ಮಗುವನ್ನು ನಾಯಿ ಕಡಿದರೆ ಅಷ್ಟು ದೂರ ಹೋಗುವ ಬಗೆಯೆಂತು? 1907ರಲ್ಲಿ ದಕ್ಷಿಣದ ಕೂನೂರಿನಲ್ಲಿ ಇಂತಹದೇ ಸಂಸ್ಥೆ ಆರಂಭವಾದರೂ ಹಳ್ಳಿಗರಿಗೆ ಅದೂ ದೂರವೇ.

1911ರಲ್ಲಿ ಸೆಂಪಲರು ಹೊಸ ಮಾರ್ಗವೊಂದನ್ನು ತೋರಿದರು. ಸೋಂಕು ತಗುಲಿದ ಪ್ರಾಣಿಯ ಮೆದುಳನ್ನು ಅರೆದು, ಕಾರ್ಬಾಲಿಕ್ ಆಮ್ಲದಿಂದ ವಿಷಾಣುವನ್ನು ಕೊಂದು ಲಸಿಕೆಯನ್ನು ಮಾಡಿದರು. ಇದನ್ನು ಸೀಸೆಗಳಲ್ಲಿ ತುಂಬಿ ದೂರದ ಊರುಗಳಿಗೆ ಕಳುಹಿಸಬಹುದಾಗಿತ್ತು. ರೋಗಿಯು ಔಷಧವನ್ನರಸಿ ಹೋಗುವ ಬದಲು ಔಷಧವೇ ರೋಗಿಯ ಬಳಿಗೆ ಬಂದಿತು.

ಈ ಲಸಿಕೆಯು ನಿರ್ದೋಷವಾಗಿರಲಿಲ್ಲ. ಹೊಟ್ಟೆಗೆ ಅನೇಕ ಚುಚ್ಚುಮದ್ದುಗಳನ್ನು ಹಾಕಿಸಿಕೊಳ್ಳಬೇಕಾಗಿತ್ತು. ಅದರಲ್ಲಿದ್ದ ಮೆದುಳಿನ ಅಂಶದಿಂದ ಕೆಲವರಿಗೆ ಪಾರ್ಶ್ವವಾಯುವೂ ಉಂಟಾಯಿತು. ಆದರೂ ಒಂಬತ್ತು ದಶಕಗಳ ಕಾಲ ಅಸಂಖ್ಯ ಜನರಿಗೆ ಅದೇ ಆಸರೆಯಾಗಿದ್ದಿತು. ಜೀವಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆಗಳು ಬಂದ ಬಳಿಕ, 2005ರ ವೇಳೆಗೆ ಭಾರತದಲ್ಲಿ ಅದರ ಬಳಕೆ ನಿಂತಿತು. ಸೆಂಪಲರು 1937ರಲ್ಲಿಯೇ ದಿವಂಗತರಾಗಿದ್ದರು.

ಈ ರೋಗವು ನಾಯಿಯೊಂದರಿಂದಲೇ ಬರುವುದೆಂದು ನಾವು ಭಾವಿಸಬಾರದು. ಬೆಕ್ಕು, ನರಿ, ಮುಂಗುಸಿಗಳಿಂದಲೂ ಬರಬಲ್ಲುದು. ಅಮೆರಿಕ ಖಂಡದಲ್ಲಿ ಬಾವಲಿಗಳೂ ಅದನ್ನು ಹರಡುತ್ತವೆ. ಯೂರೋಪು ಮತ್ತು ಆಸ್ಟ್ರೇಲಿಯಾಗಳ ಬಾವಲಿಗಳಲ್ಲಿ ಇದರ ಸೋದರ ವಿಷಾಣುಗಳಿವೆ. ಪ್ರಾಣಿ ಕಚ್ಚಿದೊಡನೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣತಕ್ಕದ್ದು. ಬೈಗುಳಕ್ಕಂಜಿ ಕಡಿತವನ್ನು ಮನೆಯವರಿಂದ ಮರೆಮಾಚುವ ಬಾಲಕನು ತನ್ನ ಪ್ರಾಣಕ್ಕೇ ಎರವಾಗುವನು. ಸೆಂಪಲರು ಔಷಧವನ್ನು ನಮ್ಮ ಊರಿನವರೆಗೆ ತಂದರು. ಆಸ್ಪತ್ರೆಯ ಬಾಗಿಲವರೆಗೆ ನಡೆಯುವ ಕೆಲಸ ನಮ್ಮದು.