ಸೂಜಿ ಮೊದಲು ತನ್ನ ಮೈಗೆ

ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳನ್ನು ನೀವು ಕಂಡಿರಬಹುದು. 1898ರಲ್ಲಿ ಆ ರೋಗ ಈ ಊರಿಗೆ ಕಾಲಿಟ್ಟಾಗ ಜನ ಪಟ್ಟ ಪಾಡಿಗೆ ಅವು ಸಾಕ್ಷಿ. ಆ ರೋಗಕ್ಕೆ ಲಸಿಕೆ ಕಂಡುಹಿಡಿದ ವಾಲ್ಡೆಮಾರ್ ಹಾಫ್‌ಕಿನ್ ಅವರ ಕಥೆಯನ್ನು ಇಂದು ನಿಮಗೆ ಹೇಳಬೇಕು.

ಹಾಫ್‌ಕಿನ್ 1860ರಲ್ಲಿ ಒಡೆಸ್ಸಾದ ಯೆಹೂದ್ಯ ಮನೆತನದಲ್ಲಿ ಹುಟ್ಟಿದರು. ಮತ ಬದಲಿಸಿದ್ದರೆ ರಷ್ಯಾದಲ್ಲಿ ಒಳ್ಳೆಯ ಹುದ್ದೆ ಸಿಗುತ್ತಿತ್ತು, ಅವರು ಒಪ್ಪಲಿಲ್ಲ. (ಕ್ರೈಸ್ತರಾದ ನಾವು ಇದನ್ನು ಓದಿ ತಲೆತಗ್ಗಿಸಬೇಕು.) ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪುಸ್ತಕ ಭಂಡಾರದ ಸಹಾಯಕರಾಗಿ ಸೇರಿ, 1892ರಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

ಕಲ್ಕತ್ತೆಯ ಕೊಳೆಗೇರಿಗಳಿಗೆ ಅವರು ಬಂಗಾಳಿ ವೈದ್ಯರನ್ನು ಜೊತೆಗೂಡಿಸಿಕೊಂಡು ಹೋದರು. ಯಾರನ್ನೂ ಬಲವಂತ ಮಾಡಲಿಲ್ಲ. ಚುಚ್ಚಿಸಿಕೊಂಡವರೆಷ್ಟು, ಬಿಟ್ಟವರೆಷ್ಟು, ಆಮೇಲೆ ಯಾರಿಗೆ ರೋಗ ಬಂತು ಎಂದು ಲೆಕ್ಕವಿಟ್ಟರು.

ಇಲ್ಲೊಂದು ಮಾತು. ಪೀಣ್ಯದ ಶೀಟು ಮನೆಗಳ ಸಾಲಿನಲ್ಲಿ, ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳಿಂದ ರಕ್ತ ತೆಗೆದುಕೊಂಡು ಹೋದ ತಂಡವೊಂದನ್ನು ನಾನು ಬಲ್ಲೆ. ಅವರನ್ನು ಒಪ್ಪಿಸಿದವನು ನಾನೇ. ರಿಪೋರ್ಟು ಬರಲೇ ಇಲ್ಲ. ಪೂಜೆ ಮುಗಿದ ಮೇಲೆ ಒಬ್ಬಾಕೆ, ಫಾದರ್, ನಮ್ಮ ರಕ್ತ ಏನಾಯ್ತು ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಸಲ ಬಂದ ತಂಡಕ್ಕೆ ಆ ಸಾಲಿನ ಬಾಗಿಲುಗಳು ತೆರೆಯಲಿಲ್ಲ.

ಕಥೆಗೆ ಮರಳೋಣ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಹಾಫ್‌ಕಿನ್ ಅವರು ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಕುಳಿತು ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮತ್ತೆ ತಮ್ಮ ಮೈಗೇ ಚುಚ್ಚಿಸಿಕೊಂಡರು. ಆಮೇಲೆ ಬೈಕುಲಾ ಸೆರೆಮನೆಯಲ್ಲಿ, ಮುಂದೆ ಬಂದ ಕೈದಿಗಳಿಗೆ ಕೊಟ್ಟರು. ಸರಳಿನ ಹಿಂದಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಖೋಜಾ ಸಮುದಾಯದ ಗುರು ಆಗಾ ಖಾನ್ ಅವರು ತಮ್ಮ ಜನರೆದುರೇ ಚುಚ್ಚಿಸಿಕೊಂಡಾಗ ಅನುಯಾಯಿಗಳ ಭಯ ಕರಗಿತು.

ಅದೇ ವರ್ಷ ಪುಣೆಯಲ್ಲಿ ಸೈನಿಕರು ರೋಗಿಗಳನ್ನು ಹುಡುಕುತ್ತಾ ಮನೆಗಳಿಗೆ ನುಗ್ಗಿದರು. ಜನ ರೊಚ್ಚಿಗೆದ್ದರು, ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡಿಗೆ ಬಲಿಯಾದರು. ಆದರೆ 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಊರಿನ ಬಹುಪಾಲು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು.

1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡವರ ಪೈಕಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಎಲ್ಲರಿಗೂ ಕೊಟ್ಟದ್ದು ಒಂದೇ ಬಾಟಲಿಯ ಮದ್ದು. ತಪ್ಪು ಪ್ರಯೋಗಶಾಲೆಯದೆಂದು ಹಾಫ್‌ಕಿನ್ ಅವರನ್ನು ಕೆಲಸದಿಂದ ದೂರವಿಟ್ಟರು. ಬಾಟಲಿ ತೆರೆಯುವಾಗ ಹಳ್ಳಿಯಲ್ಲಿ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ ಎಂಬುದು ವಿಚಾರಣೆಯಲ್ಲೇ ಹೊರಬಿದ್ದಿದ್ದರೂ ಅವರ ಮಾತಿಗೆ ಕಿವಿಗೊಟ್ಟವರಿಲ್ಲ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ಬರೆದು ಒತ್ತಾಯಿಸಿದ ಮೇಲೆ, 1907ರಲ್ಲಿ ಕಳಂಕ ಕಳೆಯಿತು. ಅವರು ಕಲ್ಕತ್ತೆಗೆ ಮರಳಿದರು. ಆದರೆ ಜನರ ಮೇಲೆ ಹೊಸ ಲಸಿಕೆ ಪರೀಕ್ಷಿಸಲು ಅನುಮತಿ ಸಿಗಲಿಲ್ಲ.

1925ರಲ್ಲಿ ಬೊಂಬಾಯಿಯ ಪ್ರಯೋಗಶಾಲೆಗೆ ಅವರ ಹೆಸರಿಟ್ಟರು. 1930ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅವರು ತೀರಿಕೊಂಡರು. ಮದುವೆಯಾಗಿರಲಿಲ್ಲ.