ಎಚ್‌ಎಎಲ್ ಶುರು ಮಾಡಿದ್ದು ಸರ್ಕಾರವೇ? ವಾಲ್‌ಚಂದ್ ಹೀರಾಚಂದ್ ಯಾರು?

ಎಚ್‌ಎಎಲ್ ಎಂದರೆ ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಕಟ್ಟಿದ ಕಾರ್ಖಾನೆ ಎಂದು ರಾಜಾಜಿನಗರ, ಕೆಂಗೇರಿ ಕಡೆಯ ನಮ್ಮಲ್ಲೇ ಹಲವರು ತಿಳಿದಿದ್ದೇವೆ. ಅದು ನಿಜವಲ್ಲ. ಅದನ್ನು 1940ರಲ್ಲೇ ಆರಂಭಿಸಿದವರು ಖಾಸಗಿ ಉದ್ಯಮಿ ವಾಲ್‌ಚಂದ್ ಹೀರಾಚಂದ್.

ವಾಲ್‌ಚಂದ್ ಹುಟ್ಟಿದ್ದು 1882ರಲ್ಲಿ, ಕನ್ನಡವೂ ಕೇಳಿಬರುವ ಸೊಲ್ಲಾಪುರದಲ್ಲಿ, ಗುಜರಾತಿ ಜೈನ ಮನೆತನದಲ್ಲಿ. ಮನೆಯ ವ್ಯಾಪಾರ ಬಿಟ್ಟು ರೈಲ್ವೆ ಗುತ್ತಿಗೆ ಹಿಡಿದರು. 1919ರಲ್ಲಿ ಗೆಳೆಯರೊಂದಿಗೆ ಸಿಂಧಿಯಾ ಹಡಗು ಕಂಪನಿ ಕಟ್ಟಿ ಬ್ರಿಟಿಷ್ ಕಂಪನಿಗಳಿಗೆ ಪೈಪೋಟಿ ಕೊಟ್ಟರು.

1939ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಅವರಿಗೆ ಅಮೆರಿಕದ ವಿಲಿಯಂ ಪಾಲಿ ಪರಿಚಯವಾದರು. ಪಾಲಿ ಚೀನಾಕ್ಕೆ ವಿಮಾನ ಜೋಡಿಸಿಕೊಡುತ್ತಿದ್ದವರು. ಆ ಪರಿಚಯವೇ ಕಾರ್ಖಾನೆಯ ಯೋಜನೆಗೆ ದಾರಿಯಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಜಮೀನು ಕೊಟ್ಟು, ಬಂಡವಾಳವನ್ನೂ ಹೂಡಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು.

ಇಲ್ಲಿ ಜೋಡಿಸಲು ಆರಿಸಿದ ಯುದ್ಧವಿಮಾನ ಅಮೆರಿಕದ ಕರ್ಟಿಸ್ ಹಾಕ್. 1935ರಲ್ಲಿ ಮೊದಲು ಹಾರಿದ ಇದೇ ಹಾಕ್‌ಗಳನ್ನು ಫ್ರಾನ್ಸ್ ಕೊಂಡು, 1940ರಲ್ಲಿ ಜರ್ಮನಿಯ ವಿರುದ್ಧ ಬಳಸಿತ್ತು. ಇದು ಮಾನೊಪ್ಲೇನ್, ಅಂದರೆ ಒಂದೇ ಜೊತೆ ರೆಕ್ಕೆಯ ವಿಮಾನ. ಹಳೆಯ ವಿಮಾನಗಳಲ್ಲಿ ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ಕಂಬ, ತಂತಿ ಇರುತ್ತಿದ್ದವು. ಅವೆಲ್ಲ ಗಾಳಿಗೆ ಅಡ್ಡವಾಗಿ ವೇಗ ತಗ್ಗಿಸುತ್ತಿದ್ದವು. ಲೋಹದ ಗಟ್ಟಿ ರೆಕ್ಕೆ ಬಂದ ಮೇಲೆ ಆ ಆಸರೆ ಬೇಕಾಗಲಿಲ್ಲ.

1941ರ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. 1942ರ ಜುಲೈನಲ್ಲಿ ಹಾಕ್ ಕೂಡ ಹಾರಿತು. ಆದರೆ ಆ ಹೊತ್ತಿಗೆ ಕಾರ್ಖಾನೆ ವಾಲ್‌ಚಂದ್ ಅವರ ಕೈಯಲ್ಲಿರಲಿಲ್ಲ. ಜಪಾನ್ ಸೇನೆ ಬರ್ಮಾಕ್ಕೆ ನುಗ್ಗಿದ್ದರಿಂದ, ಬ್ರಿಟಿಷ್ ಭಾರತ ಸರ್ಕಾರ 1942ರ ಏಪ್ರಿಲ್‌ನಲ್ಲೇ ಅವರ ಪಾಲನ್ನು ಹಣ ಕೊಟ್ಟು ಕೊಂಡಿತ್ತು. ಕಟ್ಟಿದವರ ಕೈಯಲ್ಲಿ ಕಂಪನಿ ಒಂದೂವರೆ ವರ್ಷವೂ ಉಳಿಯಲಿಲ್ಲ.

ವಾಲ್‌ಚಂದ್ ಸುಮ್ಮನೆ ಕೂರಲಿಲ್ಲ. ವಿಶಾಖಪಟ್ಟಣದಲ್ಲಿ ಹಡಗುಕಟ್ಟೆ, ಮುಂಬೈಯಲ್ಲಿ ಪ್ರೀಮಿಯರ್ ಕಾರು ಕಂಪನಿ ಅವರ ಸಾಹಸಗಳೇ. 1953ರಲ್ಲಿ ತೀರಿಕೊಂಡರು.

ಹಾಗಾದರೆ ಹಾಕ್ ಅನ್ನು ಪೂರ್ತಿ ಬೆಂಗಳೂರಿನಲ್ಲೇ ತಯಾರಿಸಿದ್ದೇ? ಅಲ್ಲ. ವಿನ್ಯಾಸ, ಎಂಜಿನ್ ಎರಡೂ ಅಮೆರಿಕದವು. ಹಾಗೆಂದು ಆ ಕೆಲಸ ಸಣ್ಣದಲ್ಲ. ವಿಮಾನದ ಕೆಲಸ ಬಲ್ಲ ಕಾರ್ಮಿಕರು ನಮ್ಮೂರಿನಲ್ಲಿ ತಯಾರಾಗತೊಡಗಿದ್ದು ಅಲ್ಲಿಂದಲೇ.

ಎಚ್‌ಎಎಲ್ ಬಗ್ಗೆ ಫಾರ್ವರ್ಡ್ ಬಂದರೆ ಮೂರು ಇಸವಿ ನೋಡಿ, ಆಮೇಲೆ ಹಂಚೋಣ: 1940ರಲ್ಲಿ ಸ್ಥಾಪನೆ, 1942ರಲ್ಲಿ ಸರ್ಕಾರದ ಕೈಗೆ, 1964ರಲ್ಲಿ ಹಿಂದೂಸ್ತಾನ್ ಏರೊನಾಟಿಕ್ಸ್ ಎಂಬ ಈಗಿನ ಹೆಸರು.