ಡಾಕ್ಟರ್ ಇವಾ ಲೊಂಬಾರ್ಡ್ ಅಮ್ಮನವರು

ಯಾಕೋಬನ ಪ್ರಿಯ ಪತ್ನಿಯಾದ ರಾಹೇಲಳು ಎಫ್ರಾತದ ದಾರಿಯಲ್ಲಿ ಹೆರಿಗೆಯ ಕಷ್ಟದಿಂದ ಪ್ರಾಣಬಿಟ್ಟ ವೃತ್ತಾಂತವನ್ನು ನಾವೆಲ್ಲರೂ ಬಲ್ಲೆವು. ನಮ್ಮ ತುಳುನಾಡಿನಲ್ಲಿಯೂ ಇಂಥ ರಾಹೇಲರು ಅನೇಕರಿದ್ದರು. ಅವರ ನಿಮಿತ್ತ ಸಮುದ್ರವನ್ನು ದಾಟಿ ಬಂದ ಒಬ್ಬ ಸ್ತ್ರೀಯನ್ನು ಈ ತಿಂಗಳು ಸ್ಮರಿಸುವೆವು.

ಇವಾ ಲೊಂಬಾರ್ಡ್ ಅಮ್ಮನವರು ಸ್ವಿಟ್ಜರ್ಲೆಂಡ್ ದೇಶದವರು. ವೈದ್ಯಶಾಸ್ತ್ರವನ್ನು ಕಲಿತು ಬಾಸೆಲ್ ಮಿಷನಿನ ಸೇವೆಗೆ ತಮ್ಮನ್ನು ಒಪ್ಪಿಸಿಕೊಟ್ಟವರು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನಿನ ಕೆಲಸವು 1914ರಲ್ಲಿ ಆರಂಭವಾದ ಮಹಾಯುದ್ಧದಿಂದ ಬಹಳವಾಗಿ ಕುಂದಿಹೋಗಿತ್ತು. ಆ ಗಾಯವು ಪೂರ್ಣವಾಗಿ ಮಾಯುವ ಮುಂಚೆಯೇ, 1923ರಲ್ಲಿ, ಅಮ್ಮನವರು ಉಡುಪಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ವೈದ್ಯಶಾಲೆಯನ್ನು ತೆರೆದರು.

ಅದು ಎಂಥ ಕಾಲವೆಂಬದನ್ನು ಯೋಚಿಸಿರಿ. ಪರಪುರುಷನಾದ ವೈದ್ಯನಿಗೆ ತನ್ನ ಬೇನೆಯನ್ನು ತೋರಿಸುವದಕ್ಕಿಂತ ಸಾಯುವದೇ ಲೇಸೆಂದು ಎಣಿಸಿದ ಸ್ತ್ರೀಯರು ಎಷ್ಟೋ ಮಂದಿ. ಕಾಪುವಿನ ಕಡಲತೀರದಿಂದಾಗಲಿ ಕಾರ್ಕಳದ ಗುಡ್ಡಗಾಡಿನಿಂದಾಗಲಿ ಉಡುಪಿಗೆ ಬರುವದು, ಹೊಳೆಗಳು ತುಂಬಿ ಹರಿಯುವ ಮಳೆಗಾಲದಲ್ಲಿ, ಅತಿ ಕಷ್ಟವಾಗಿತ್ತು. ಬಾಣಂತಿಯರ ನಂಜುಜ್ವರಕ್ಕೆ ಪೆನಿಸಿಲಿನ್ ಮೊದಲಾದ ಮದ್ದುಗಳು ಆಗ ಇರಲಿಲ್ಲ. ತೊಳೆದ ಕೈ, ಕುದಿಸಿದ ಉಪಕರಣ, ಶುದ್ಧವಾದ ಬಟ್ಟೆ ಇವೇ ವೈದ್ಯರ ಆಯುಧಗಳು. ರಕ್ತಸ್ರಾವದಿಂದಲೂ ಶಿಶುವು ಅಡ್ಡವಾದದರಿಂದಲೂ ತಾಯಿಯು ಬಳಲುವಾಗ ತಡಮಾಡಿ ತಂದರೆ ಎಂಥ ನಿಪುಣರ ಕೈಯೂ ಸೋಲುವದುಂಟು. ಆದದರಿಂದ ಸ್ತ್ರೀಯರು ನಾಚದೆ ಬೇಗನೆ ಬರತಕ್ಕ ಒಂದು ಬಾಗಿಲು ಉಡುಪಿಯಲ್ಲಿ ತೆರೆದದ್ದೇ ದೊಡ್ಡ ಉಪಕಾರವಾಯಿತು.

ಆ ಚಿಕ್ಕ ಆರಂಭವನ್ನು ದೇವರು ಆಶೀರ್ವದಿಸಿದನು. ಅದು ಬೆಳೆದು ಈಗ ದಕ್ಷಿಣ ಇಂಡಿಯಾ ಸಭೆಯ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯೆಂದು ಅವರ ಹೆಸರನ್ನೇ ಹೊತ್ತಿದೆ. ಜನರು ಅದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ. 2023ರಲ್ಲಿ ಅದಕ್ಕೆ ನೂರು ವರ್ಷ ತುಂಬಿತು. ಅದು ತೆರೆದು ಮೂವತ್ತು ವರ್ಷಗಳಾದ ಮೇಲೆ, 1953ರಲ್ಲಿ, ಸಮೀಪದ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿತು.

ಸಹೋದರರೇ, ಈಗ ಆಸ್ಪತ್ರೆಯು ದೂರವಲ್ಲ. 108ಕ್ಕೆ ಕರೆದರೆ ವಾಹನವು ಬರುತ್ತದೆ. ಆದರೂ ಸೊಸೆಯು ಹೊಟ್ಟೆನೋವೆಂದಾಗ ಅತ್ತೆಯ ಅಪ್ಪಣೆಯನ್ನೂ ಗಂಡನ ಬಿಡುವನ್ನೂ ಕಾಯುವ ಮನೆಗಳು ನಮ್ಮ ಸಭೆಗಳಲ್ಲಿ ಇಲ್ಲವೋ? ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು ಕಾಯಿದೆಯು ನಿಷೇಧಿಸಿದೆ. ಗರ್ಭಿಣಿಯನ್ನು ಕನಿಷ್ಠ ನಾಲ್ಕು ಸಾರಿ ಪರೀಕ್ಷೆಗೆ ಕರೆದೊಯ್ಯತಕ್ಕದ್ದು. ಮಕ್ಕಳೆಷ್ಟು, ಎಷ್ಟು ಅಂತರದಲ್ಲಿ ಎಂಬದರಲ್ಲಿ ಹೆರುವವಳ ಮಾತಿಗೆ ಮೊದಲ ಸ್ಥಾನವಿರಬೇಕು. ಆಕೆಯ ಶರೀರವೂ ದೇವರ ಆಲಯವಲ್ಲವೇ?

ಐಗುಪ್ತದಲ್ಲಿ ದೇವರಿಗೆ ಭಯಪಟ್ಟು ಶಿಶುಗಳನ್ನು ಉಳಿಸಿದ ಸೂಲಗಿತ್ತಿಯರನ್ನು ಆತನು ಮರೆಯಲಿಲ್ಲ. ಲೊಂಬಾರ್ಡ್ ಅಮ್ಮನವರ ಹೆಸರನ್ನು ನಾವೂ ಮರೆಯದೆ, ಅವರು ತೆರೆದ ಬಾಗಿಲಿಗೆ ನಮ್ಮ ಹೆಣ್ಣುಮಕ್ಕಳನ್ನು ತಡಮಾಡದೆ ಕಳುಹಿಸೋಣ.